ಇಳಿಜಾರು, ಮಳೆ ಮತ್ತು ನಮ್ಮ ಶೂ

ತಡಿಯಂಡಮೋಳ್ ಬೆಟ್ಟದ ಎತ್ತರ 1748 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಹತ್ತುವಾಗ ನನಗೆ ಏನೂ ಆಗಲಿಲ್ಲ. ಇಳಿಯುವಾಗ ಎರಡೂ ಹೆಬ್ಬೆರಳು ಉರಿಯತೊಡಗಿದವು. ಮನೆಗೆ ಬಂದು ಸಾಕ್ಸ್ ತೆಗೆದರೆ ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಶೂ ಹೊಸದು. ಅಂಗಡಿಯಲ್ಲಿ ಹಾಕಿ ನಡೆದಾಗ ಸರಿಯಾಗಿಯೇ ಇತ್ತು. ಆದರೆ ಅಂಗಡಿಯ ನೆಲ ಸಮತಟ್ಟು, ಅಲ್ವಾ?

ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತದೆ. ಮುಂದೆ ಜಾಗವಿಲ್ಲದಿದ್ದರೆ ಉಗುರು ಹೋಗಿ ಗುದ್ದುತ್ತದೆ. ಅದಕ್ಕೇ ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ನಿಂತುಕೊಂಡು ನೋಡಿದಾಗ ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು.

ಇನ್ನೊಂದು ಉಪಾಯ ಲೇಸಿನಲ್ಲಿದೆ. ಓಟದ ಶೂಗಳಲ್ಲಿ ಮೇಲ್ತುದಿಯಲ್ಲಿ ಒಂದು ತೂತು ಸುಮ್ನೆ ಖಾಲಿ ಬಿದ್ದಿರುತ್ತದೆ, ನೋಡಿದ್ದೀರಾ? ಲೇಸನ್ನು ಆ ಕಡೆಗೆ ದಾಟಿಸದೆ, ಅದೇ ಬದಿಯ ಆ ತೂತಿನೊಳಗೆ ತೂರಿಸಿ. ಒಂದು ಸಣ್ಣ ಕುಣಿಕೆ ಬರುತ್ತದೆ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಈಗ ಬಲಗಡೆಯ ಲೇಸನ್ನು ಎಡದ ಕುಣಿಕೆಯಲ್ಲಿ, ಎಡದ್ದನ್ನು ಬಲದ ಕುಣಿಕೆಯಲ್ಲಿ ದಾಟಿಸಿ, ಹಿಮ್ಮಡಿಯ ಕಡೆಗೆ ಎಳೆದು ಕಟ್ಟಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ.

ಒಂದೇ ಶೂ ಎಲ್ಲಕ್ಕೂ ಆಗುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಓಟದ ಶೂಗೆ ದಪ್ಪ ಫೋಮ್ ಇರುತ್ತದೆ. ಅದರ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆಗಳು. ಆದರೆ ಅದು ನೇರ ಮುಂದಕ್ಕೆ ಹೋಗುವವರಿಗಾಗಿ ಮಾಡಿದ್ದು. ಅದೇ ಶೂ ಹಾಕಿ ಶಟಲ್ ಆಡುತ್ತಾ ಥಟ್ಟನೆ ಪಕ್ಕಕ್ಕೆ ಹಾರಿದರೆ ಎತ್ತರದ ಮೆತ್ತನೆ ಫೋಮ್ ವಾಲುತ್ತದೆ, ಕಾಲು ಉಳುಕುತ್ತದೆ. ಅಲ್ಲಿಗೆ ತಗ್ಗಾದ, ಬದಿ ಗಟ್ಟಿಯಾಗಿರುವ ಶೂ ಬೇಕು. ಭಾರ ಎತ್ತುವವರಿಗೂ ಮೆತ್ತನೆಯದು ಬೇಡ.

1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದಾಗಿ ನಮ್ಮಲ್ಲಿ ಮನೆಮನೆಗೂ ಹಾಕಿ ಸ್ಟಿಕ್ ಇದೆ. ಮಣ್ಣು, ಹುಲ್ಲಿನ ಮೈದಾನಕ್ಕೆ ಸ್ಟಡ್ ಇರುವ ಶೂ ಸರಿ. ಟರ್ಫ್‌ನಲ್ಲಿ, ಅಂದರೆ ಕೃತಕ ಹುಲ್ಲುಹಾಸಿನ ಮೈದಾನದಲ್ಲಿ, ಆಡುವುದಾದರೆ ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬುಟುಗಳು ಒತ್ತೊತ್ತಾಗಿ ಇರುವುದೇ ಬೇಕು.

ಪಾದದ ಕಮಾನು ನೋಡಿ ಶೂ ಆರಿಸಬೇಕು ಎನ್ನುವವರು ಬಹಳ ಜನ. ಅಮೆರಿಕದ ಸೇನೆ ಹೊಸ ಸೈನಿಕರಿಗೆ ಹಾಗೆ ಪಾದದ ಆಕಾರ ನೋಡಿಯೇ ಶೂ ಕೊಟ್ಟು ಪರೀಕ್ಷಿಸಿತು. ಗಾಯಗಳು ಅಂಥ ಕಮ್ಮಿಯೇನೂ ಆಗಲಿಲ್ಲ. ಓಟ ಮತ್ತು ಶೂಗಳ ಬಗ್ಗೆ ಸಂಶೋಧನೆ ಮಾಡಿದ, ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಅವರ ಮಾತು ನನಗೆ ಹೆಚ್ಚು ಒಪ್ಪಿಗೆ: ಹಾಕಿದ ತಕ್ಷಣ ಹಿತವೆನಿಸುವ ಶೂವನ್ನೇ ನಂಬಿ. 'ಹಾಕ್ತಾ ಹಾಕ್ತಾ ಸರಿಹೋಗುತ್ತೆ' ಎಂದು ಅಂಗಡಿಯವರು ಹೇಳಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ಮಳೆ. ನಮ್ಮ ಮನೆಯಲ್ಲಿ ಕಪಾಟಿನಲ್ಲಿಟ್ಟ ಹಳೆಯ ಟ್ರೆಕ್ಕಿಂಗ್ ಶೂ ಮಳೆಗಾಲ ಕಳೆದ ಮೇಲೆ ತೆಗೆದೆ. ಬೂಷ್ಟು ಒರೆಸಿದರೆ ನೋಡಲು ಚೆನ್ನಾಗಿಯೇ ಇತ್ತು. ಗೇಟು ದಾಟುವಷ್ಟರಲ್ಲಿ ಅಟ್ಟೆ ರಸ್ಕ್ ಥರ ಪುಡಿಪುಡಿಯಾಗಿ ಉದುರಿತು. ಇದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಅಟ್ಟೆಗಳ ಕಾಯಿಲೆ. ಗಾಳಿಯ ತೇವ ಒಳಹೊಕ್ಕು ಅದರ ಉದ್ದುದ್ದ ಅಣುಸರಪಳಿಗಳನ್ನು ಮೆಲ್ಲಮೆಲ್ಲನೆ ಕತ್ತರಿಸುತ್ತದೆ. ಶೂ ಹಾಕದೆ ಸುಮ್ನೆ ಇಟ್ಟರೂ ಇದು ನಿಲ್ಲುವುದಿಲ್ಲ. ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅಟ್ಟೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಬಗ್ಗಿಸಿ ನೋಡಿ. ಬಿರುಕು ಕಂಡರೆ ಅದನ್ನು ಹಾಕಬೇಡಿ.

ಒದ್ದೆ ಶೂವನ್ನು ಬಚ್ಚಲೊಲೆಯ ಪಕ್ಕ ಇಡುವ ಅಭ್ಯಾಸ ನಮ್ಮೂರಲ್ಲಿ ಜಾಸ್ತಿ. ಬಿಸಿಗೆ ಅಂಟು ಸಡಿಲವಾಗಿ ಅಟ್ಟೆ ಬಾಯಿ ಬಿಡುತ್ತದೆ. ಒಳಹಾಸು ಹೊರಗೆ ತೆಗೆದು, ಹಳೆಯ ಪೇಪರ್ ಮುದುಡಿ ತುಂಬಿ, ಗಾಳಿಯಾಡುವ ಜಗಲಿಯಲ್ಲಿಡಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಮಾರನೇ ದಿನಕ್ಕೆ ಮುಕ್ಕಾಲುಪಾಲು ಒಣಗಿರುತ್ತದೆ.