ಆಕ್ಸಲ್ ಕಟ್ ಆದ ಹಾಗೇ ಎಲುಬೂ ದಣಿಯುತ್ತದೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿ ಹತ್ತಿರ ಒಂದು ಟ್ರೇಲರ್ ಆಕ್ಸಲ್ ಕಟ್ ಆಗಿ ಕೂತರೆ ಯಾರೂ ಬೆರಗಾಗುವುದಿಲ್ಲ. ಅವತ್ತೇ ಲೋಡ್ ಜಾಸ್ತಿ ಇತ್ತು ಅಂತೇನಿಲ್ಲ. ತಿಂಗಳುಗಟ್ಟಲೆ ಕುಲುಕಾಟದಲ್ಲಿ ಒಳಗೊಳಗೇ ಬಿರುಕು ಬೆಳೆದಿರುತ್ತದೆ, ಕೊನೆಯ ಗುಂಡಿ ಬರೀ ನೆಪ. ಅದೇ ಟ್ರ್ಯಾಕ್ಟರ್ ಸೀಟಿನಲ್ಲಿ ಕೂತವನು ಬೆನ್ನು ಹಿಡಿದುಕೊಂಡರೆ ಮಾತ್ರ 'ವಯಸ್ಸಾಯ್ತಪ್ಪ' ಅನ್ನುತ್ತೇವೆ.

ಕಬ್ಬಿಣದ ಕಥೆ ಮೊದಲು ಗೊತ್ತಾಯಿತು. 1842ರಲ್ಲಿ ಫ್ರಾನ್ಸಿನ ವರ್ಸೈ ಹತ್ತಿರ ರೈಲಿನ ಆಕ್ಸಲ್ ಮುರಿದು ದೊಡ್ಡ ಅನಾಹುತವಾಯಿತು. ಮುಂದೆ ಜರ್ಮನಿಯ ಇಂಜಿನಿಯರ್ ವೋಲರ್, ಭಾರ ಎಷ್ಟು ಅನ್ನುವುದರ ಜೊತೆಗೆ ಎಷ್ಟು ಸಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸಿದ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಸೇನಾ ವೈದ್ಯ ನಡೆದೂ ನಡೆದೂ ಊದಿಕೊಂಡ ಸೈನಿಕರ ಪಾದಗಳ ಬಗ್ಗೆ ಬರೆದ. ಅದು ಎಲುಬಿನ ಬಿರುಕು ಅಂತ ಕಣ್ಣಿಗೆ ಕಂಡಿದ್ದು ಎಕ್ಸ್‌ರೇ ಬಂದ ಮೇಲೆ, 1897ರಲ್ಲಿ.

ಆಮೇಲೆ ಅರವತ್ತು ವರ್ಷ ದಾಟಿಬಿಡೋಣ. 1960ರಲ್ಲಿ ಅಮೆರಿಕದ ಹೆರಾಲ್ಡ್ ಫ್ರಾಸ್ಟ್ ಒಂದು ಸರಳ ಉಪಾಯ ಮಾಡಿದರು. ಎಲುಬನ್ನು ಕೊಯ್ಯುವ ಮೊದಲೇ ಕೆಂಪು ಬಣ್ಣದಲ್ಲಿ ನೆನೆಸಿದರು. ಮೊದಲೇ ಇದ್ದ ಬಿರುಕಿಗೆ ಬಣ್ಣ ಇಳಿಯುತ್ತದೆ, ಕೊಯ್ಯುವಾಗ ಆದ ಬಿರುಕು ಬೆಳ್ಳಗೇ ಉಳಿಯುತ್ತದೆ. ಬದುಕಿರುವ ನಮ್ಮ ಎಲುಬಲ್ಲೂ ಕೂದಲೆಳೆಗಿಂತ ಸಣ್ಣ ಬಿರುಕುಗಳಿರುತ್ತವೆ ಎಂದು ಗೊತ್ತಾಗಿದ್ದು ಹೀಗೆ. 1985ರಲ್ಲಿ ಡೇವಿಡ್ ಬರ್ ಮತ್ತು ಜೊತೆಗಾರರು ನಾಯಿಗಳಲ್ಲಿ ಮತ್ತೊಂದನ್ನು ಕಂಡರು. ಬಿರುಕು ಬಿದ್ದ ಕಡೆಯೇ ರಿಪೇರಿ ಜಾಸ್ತಿ ನಡೆಯುತ್ತದೆ. ಆದರೆ ಈ ರಿಪೇರಿ ವಿಚಿತ್ರ: ಹಳೆಯದನ್ನು ಕೆರೆದು ತೆಗೆಯಲು ಸುಮಾರು ಮೂರು ವಾರ, ಹೊಸದು ತುಂಬಲು ಮೂರು ತಿಂಗಳು, ಆ ನಡುವೆ ಎಲುಬು ಮೊದಲಿಗಿಂತ ಟೊಳ್ಳು. ಪೊಲೀಸ್ ನೇಮಕಾತಿಗೆ ಅಂತ ನಮ್ಮ ಹುಡುಗರು ಏಕಾಏಕಿ ಓಟ ಶುರು ಮಾಡಿ, ಮೂರ್ನಾಲ್ಕನೇ ವಾರಕ್ಕೆ ಮೊಣಕಾಲ ಕೆಳಗೆ ನೋವು ಅನ್ನುವುದಕ್ಕೂ ಇದಕ್ಕೂ ನಂಟಿದೆ. ಆ ಹೊತ್ತಿಗೆ ಗ್ರೌಂಡಿನಲ್ಲಿ ಸಿಗುವ ಸಲಹೆ 'ಓಡಿದ್ರೆ ಸರಿಹೋಗುತ್ತೆ'!

ಕುಲುಕಾಟ ಎಲುಬಿಗೆ ಕೆಟ್ಟದ್ದೋ ಒಳ್ಳೆಯದೋ ಎಂಬ ಗೊಂದಲ ಹುಟ್ಟಿದ್ದು 2001ರ ಒಂದು ಪ್ರಯೋಗದಿಂದ. ದಿನಕ್ಕೆ 20 ನಿಮಿಷ, ಸೆಕೆಂಡಿಗೆ 30 ಸಲ, ತೀರಾ ಮೆಲ್ಲಗೆ ನಡುಗಿಸಿದ ಕುರಿಗಳ ತೊಡೆ ಎಲುಬಿನ ಒಳಜಾಲ ವರ್ಷದಲ್ಲಿ ಮೂರನೇ ಒಂದು ಭಾಗ ದಟ್ಟವಾಯಿತು. ತಗೋ, ಮೇಲೆ ನಿಂತವರನ್ನು ನಡುಗಿಸುವ ಪ್ಲೇಟುಗಳು ಜಿಮ್ಮಿಗೆ ಬಂದವು. ಮುಟ್ಟು ನಿಂತ ಹೆಂಗಸರ ಮೇಲೆ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಥ ಲಾಭವೇನೂ ಕಾಣಲಿಲ್ಲ.

ಟ್ರ್ಯಾಕ್ಟರ್ ಕುಲುಕಾಟವೇ ಬೇರೆ. ಕೂತವನ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 6 ಸಲದ ಅಲುಗಾಟಕ್ಕೆ ಜಾಸ್ತಿ ತೂಗಾಡುತ್ತದೆ, ಉಳುವ ಹೊಲದಲ್ಲಿ ಸಿಗುವುದೂ ಹೆಚ್ಚುಕಡಿಮೆ ಅದೇ. ಯುರೋಪ್ 2002ರಲ್ಲೇ ಎಂಟು ಗಂಟೆಯ ದುಡಿಮೆಗೆ ಕುಲುಕಾಟದ ತೀವ್ರತೆ 1.15 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಬಾರದು ಅಂತ ಮಿತಿ ಹಾಕಿತು. ಇಲ್ಲಿ ಬಿತ್ತನೆ ಹೊತ್ತಲ್ಲಿ ಎಂಟು ಗಂಟೆಗೆ ಯಾರು ಇಳಿಯುತ್ತಾರೆ, ಹೇಳಿ?

ಓಡುವ ಹುಡುಗರಿಗೆ ಇನ್ನೊಂದು ತೊಡಕಿದೆ. ನೋವು ಶುರುವಾದ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಆಮೇಲೆ ಕಾಣುವುದು ಎಷ್ಟೋ ಸಲ ಬಿರುಕಲ್ಲ, ಅದರ ಮೇಲೆ ಎಲುಬು ತಾನೇ ಹಾಕಿಕೊಂಡ ತೇಪೆ.