ಪದ ಪರಿಚಯ: ಪಾರ್ಶ್ವವಾಯು ನಂತರದ ಕೇಂದ್ರೀಯ ನೋವು

ಪಾರ್ಶ್ವವಾಯುವಿಗೆ ತುತ್ತಾದ ಕೆಲವರಿಗೆ, ಕೈಕಾಲಿನ ಬಲ ತಕ್ಕಮಟ್ಟಿಗೆ ಮರಳಿದ ಮೇಲೂ, ದೇಹದ ಅದೇ ಮಗ್ಗುಲಲ್ಲಿ ಉರಿ, ಚಳುಕು, ಕೊರೆಯುವಂಥ ನೋವು ಹುಟ್ಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಮಿದುಳಿನ ಹಾನಿಯಿಂದಲೇ ಉಂಟಾಗುವ ಇದಕ್ಕೆ ವೈದ್ಯರು ‘ಸೆಂಟ್ರಲ್ ಪೋಸ್ಟ್ ಸ್ಟ್ರೋಕ್ ಪೇನ್’ ಎನ್ನುತ್ತಾರೆ. 1906ರಲ್ಲಿ ಫ್ರಾನ್ಸಿನ ಡೆಜೆರಿನ್ ಮತ್ತು ರೂಸಿ ಎಂಬ ವೈದ್ಯರು ಇದನ್ನು ಮಿದುಳಿನ ಥಲಾಮಸ್ ಭಾಗದ ಹಾನಿಯೊಂದಿಗೆ ವಿವರಿಸಿದ್ದರಿಂದ ಬಹುಕಾಲ ‘ಥಲಾಮಿಕ್ ನೋವು’ ಎಂಬ ಹೆಸರೇ ನಡೆಯಿತು. ಆದರೆ ನೋವು ಮತ್ತು ಬಿಸಿ-ತಂಪಿನ ಸಂದೇಶಗಳನ್ನು ಮಿದುಳಿನ ಹೊರಪದರದವರೆಗೆ ಒಯ್ಯುವ ನರಮಾರ್ಗದಲ್ಲಿ ಎಲ್ಲಿ ಪೆಟ್ಟಾದರೂ ಇದು ಬರಬಹುದು.

ಲಕ್ವ ಹೊಡೆದ ಕೆಲವು ವಾರಗಳ ಅಥವಾ ತಿಂಗಳುಗಳ ನಂತರ ಕಾಣಿಸಿಕೊಳ್ಳುವುದೇ ಹೆಚ್ಚಾದ್ದರಿಂದ ಮನೆಯವರು ಎರಡಕ್ಕೂ ನಂಟು ಕಲ್ಪಿಸುವುದಿಲ್ಲ. ಕೈಯಲ್ಲಿ ಗಾಯವಿಲ್ಲ, ಬಾವಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಹೀಗಾಗಿ ರೋಗಿಯ ಮಾತನ್ನೇ ಅನುಮಾನಿಸುವುದು ನಡೆಯುತ್ತದೆ, ಅದು ಅನ್ಯಾಯ.

ಇದರ ವಿಚಿತ್ರವೆಂದರೆ, ಬಿಸಿ-ತಂಪನ್ನು ಸರಿಯಾಗಿ ಗುರುತಿಸಲಾರದ ಅದೇ ಚರ್ಮ ತಣ್ಣನೆಯ ಗಾಳಿ ಸೋಕಿದರೂ ಉರಿಯಬಲ್ಲದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹಿಡಿಯಬೇಕು. ನೀರಿನ ಕಾವನ್ನೂ ಎಳೆಯ ನವಿರನ್ನೂ ಬೆರಳು ಅರಿಯದಿದ್ದರೆ, ಕೈಗೆ ಬಲವಿದ್ದರೂ ಆ ಕಸುಬು ಕಷ್ಟ. ಚಳಿಗಾಲದ ಮುಂಜಾನೆ ಡೇರಿಗೆ ಹಾಲು ಹಾಕಲು ಹೋಗುವುದು, ತಣ್ಣೀರಿನಲ್ಲಿ ಪಾತ್ರೆ ತೊಳೆಯುವುದು, ಅಂಗಿಯ ತೋಳಿಗೆ ಕೈ ತೂರಿಸುವುದು, ಆ ಮಗ್ಗುಲಿಗೆ ಹೊರಳಿ ಮಲಗುವುದು ಇಂಥವೂ ಹಿಂಸೆಯಾಗುತ್ತವೆ. ನಿದ್ದೆಗೆಟ್ಟು ಆಯಾಸವೂ ಖಿನ್ನತೆಯೂ ಸೇರಿಕೊಂಡರೆ ವ್ಯಾಯಾಮ ನಿಲ್ಲುತ್ತದೆ, ಚೇತರಿಕೆ ಹಿಂದೆ ಬೀಳುತ್ತದೆ.

ನೋವಿಗೆಂದು ಶಾಖ ಕೊಡುವ ರೂಢಿ ಇಲ್ಲಿ ಅಪಾಯಕಾರಿ, ಏಕೆಂದರೆ ಸುಟ್ಟದ್ದು ರೋಗಿಗೆ ತಿಳಿಯದೇ ಹೋಗಬಹುದು. ಪ್ಯಾರಾಸಿಟಮಾಲ್‌ನಂಥ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಮಿಟ್ರಿಪ್ಟಿಲಿನ್, ಲಾಮೋಟ್ರಿಜಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದ ಔಷಧಿಗಳನ್ನು ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ ಹೊಂದಿಸುತ್ತಾರೆ. ಅವು ಕೆಲವರಲ್ಲಿ ನೋವನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದು ಅಪರೂಪ. ಬಲಗುಂದಿದ ತೋಳಿನ ಭುಜದ ಕೀಲು ಸಡಿಲಗೊಂಡಾಗಿನ ನೋವು, ಸ್ನಾಯುಗಳ ಬಿಗಿತದ ನೋವು ಇದಕ್ಕಿಂತ ಬೇರೆ, ಅವುಗಳ ಚಿಕಿತ್ಸೆಯೂ ಬೇರೆ. ಆದ್ದರಿಂದ ವೈದ್ಯರೆದುರು ‘ನೋವು’ ಎಂದಷ್ಟೇ ಹೇಳದೆ, ಅದು ಉರಿಯೋ ಚಳುಕೋ, ತಣ್ಣೀರು ಅಥವಾ ಬಟ್ಟೆ ಸೋಕಿದರೆ ಹೆಚ್ಚುವುದೋ, ಕೈ ಎತ್ತಿದಾಗ ಮಾತ್ರ ಬರುವುದೋ ಎಂಬುದನ್ನೂ ಬಿಡಿಸಿ ಹೇಳಬೇಕು.