ಆರಾಮ ಆದ ಮೇಲೆ ಮಾತಾಡಿಸ್ತೀವಿ ಅನ್ನುವವರಿಗೆ

"ಇಂವಾ ಇನ್ನಾ ಆರಾಮ ಆಗಿಲ್ರಿ ಮೇಡಂರ. ಆರಾಮ ಆಗ್ಲಿ, ಆಮ್ಯಾಲೆ ನಿಮ್ಮ ಕಡೆ ಮಾತಾಡ್ಸಾಕ ಕರ್ಕೊಂಡು ಬರ್ತೀವಿ."

ಬಾಗಲಕೋಟೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಗುಳಿಗೆ ಬರೆಯದೆ ಮಾತಿನಿಂದ ಚಿಕಿತ್ಸೆ ಕೊಡುವವಳು, ಆಗಿರುವ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಹುಡುಗ ಮನೋವೈದ್ಯರ ಹತ್ತಿರ ವರ್ಷಗಟ್ಟಲೆ ಗುಳಿಗೆ ತೆಗೆದುಕೊಳ್ಳುತ್ತಿರುತ್ತಾನೆ. ನಿದ್ದೆ ಬಂದಿದೆ, ಕೂಗಾಟ ನಿಂತಿದೆ. ಆದರೆ ಕಿವಿಯಲ್ಲಿ ದನಿ ಇನ್ನೂ ಕೇಳಿಸುತ್ತದೆ. ಓಣಿಯವರೆಲ್ಲ ತನ್ನನ್ನೇ ನೋಡುತ್ತಾರೆ ಅನ್ನುವ ಗುಮಾನಿ ಹೋಗಿಲ್ಲ. ಅದೆಲ್ಲ ಪೂರ್ತಿ ಹೋದ ಮೇಲೆ ನನ್ನ ಹತ್ತಿರ ತರುತ್ತಾರಂತೆ. ಈಜು ಬಂದ ಮೇಲೆ ನೀರಿಗಿಳಿಸ್ತೀನಿ ಅಂದ ಹಾಗಾಯಿತು. ಪೂರ್ತಿ ಹೋದ ಮೇಲೆ ನನಗೇನು ಕೆಲಸ? ಚಹಾ ಕುಡಿಸಿ ಕಳಿಸಬಹುದು, ಅಷ್ಟೇ.

ಮನೆಯವರನ್ನಷ್ಟೇ ಬೈದರೆ ತಪ್ಪಾಗುತ್ತದೆ. ನಮ್ಮ ಕಸುಬಿನವರಲ್ಲೂ ಈ ಲೆಕ್ಕಾಚಾರ ಇದೆ. ಟೆನ್ಷನ್, ಪರೀಕ್ಷೆ ಭಯ, ಗಂಡ ಹೆಂಡತಿ ಜಗಳಕ್ಕೆ ಕೌನ್ಸೆಲಿಂಗ್. ಚೀಟಿಯಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಕಾಯಿಲೆ) ಅಂತ ಬಿತ್ತೋ, ಗುಳಿಗೆ, ಸೂಜಿ, ಮುಂದಿನ ತಾರೀಖು. ಆದರೆ ಮಾತಿನ ಚಿಕಿತ್ಸೆ ಇಂಥವರಿಗೆ ಹೊಸದೇನಲ್ಲ. ಗೂಢಚಾರರು ತನ್ನನ್ನು ಕಾಯುತ್ತಿದ್ದಾರೆ ಎಂದು ನಂಬಿದ್ದ ಒಬ್ಬನಿಗೆ ಮಾತಿನಿಂದ ಚಿಕಿತ್ಸೆ ಕೊಟ್ಟದ್ದನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1952ರಲ್ಲೇ ಬರೆದಿದ್ದರು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿದೆ. ಸೈಕೋಸಿಸ್, ಅಂದರೆ ಸ್ಕಿಜೋಫ್ರೇನಿಯಾದಲ್ಲಿ ಆಗುವಂತೆ ನಿಜ ಯಾವುದು ಭ್ರಮೆ ಯಾವುದು ಗೊತ್ತಾಗದ ಸ್ಥಿತಿ, ಇರುವ ಪ್ರತಿಯೊಬ್ಬರಿಗೂ ಔಷಧಿಯ ಜೊತೆಗೆ ಕನಿಷ್ಠ 16 ಭೇಟಿಗಳ ಮಾತಿನ ಚಿಕಿತ್ಸೆ ಕೊಡಬೇಕು. ಮನೆಯವರ ಜೊತೆ ಕನಿಷ್ಠ 10 ಸಲ ಕೂರಬೇಕು. ಇದನ್ನು ಕಾಯಿಲೆ ಜೋರಾಗಿರುವಾಗಲೇ ಶುರು ಮಾಡಬಹುದು. ಅಲ್ಲೂ ಎಲ್ಲರಿಗೂ ಸಿಗುತ್ತಿಲ್ಲ ಅನ್ನುವುದು ಬೇರೆ ಮಾತು.

ಸರಿ, ಹೇಗೋ ಒಪ್ಪಿಸಿ ಕರೆಸಿದೆ ಅಂತಿಟ್ಟುಕೊಳ್ಳಿ. ಆಗ ಎರಡನೇ ಬೇಡಿಕೆ. "ಎಲ್ಲಾ ಸುಳ್ಳು ಅಂತ ಅವಂಗ ತಿಳಿಸಿ ಹೇಳ್ರಿ ಮೇಡಂರ, ನಿಮ್ಮ ಮಾತು ಕೇಳ್ತಾನ." ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ನಾನು ಹೇಳಿದರೆ ಕೇಳುವುದಿಲ್ಲ. ಯಾರು ಹೇಳಿದರೂ ಕೇಳುವುದಿಲ್ಲ. ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ ಎಂದು ತಮ್ಮ ಹೆದರಿದಾಗ, ಒಬ್ಬ ಅಣ್ಣ ಟಾರ್ಚ್ ಹಿಡಿದು ಮೂಲೆ ಮೂಲೆ ತೋರಿಸಿದ. ಜಂತಿ, ಮೀಟರ್ ಡಬ್ಬಿ, ದೇವರ ಜಗಲಿ, ಎಲ್ಲ. ಕತ್ತಲಾಗುವಷ್ಟರಲ್ಲಿ ತಮ್ಮ ಇನ್ನೆರಡು ಜಾಗ ಕಂಡುಹಿಡಿದಿದ್ದ. ಜೊತೆಗೆ ಅಣ್ಣನ ಮೇಲೂ ಅನುಮಾನ ಶುರುವಾಯಿತು. ವಾದ ಮಾಡಿದಷ್ಟೂ ನಂಬಿಕೆ ಗಟ್ಟಿಯಾಗುತ್ತದೆ.

ಹಾಗಂತ ಹೂಂಗುಟ್ಟುವುದೂ ಸರಿಯಲ್ಲ. "ಹೌದಪಾ, ಮಾಟ ಮಾಡಿಸ್ಯಾರ" ಅಂತ ಅವ್ವ ಅಮವಾಸ್ಯೆಗೆ ನಿಂಬೆಹಣ್ಣು ಇಳಿ ತೆಗೆದರೆ ಮಗನಿಗೆ ಭಯ ಇಮ್ಮಡಿಯಾಗುತ್ತದೆ. ಅವ್ವನೇ ಹೌದು ಅಂದಳಲ್ಲ!

ನಾವು ನಿಜ ಸುಳ್ಳಿನ ಪಂಚಾಯಿತಿಗೆ ಮೊದಲು ಕೈ ಹಾಕುವುದಿಲ್ಲ. ದನಿ ಯಾವಾಗ ಜಾಸ್ತಿ? ಏನನ್ನುತ್ತದೆ? ಅದು ಬಂದಾಗ ನೀನು ಏನು ಮಾಡುತ್ತೀ? ಅದು ಹೇಳಿದ್ದು ಮಾಡದಿದ್ದರೆ ಏನಾಗುತ್ತದೆ ಅಂತ ಹೆದರಿಕೆ? ಇಷ್ಟು ಕೇಳಲು ಕಾಯಿಲೆ ವಾಸಿಯಾಗಿರಬೇಕೆಂದಿಲ್ಲ. ಒಮ್ಮೊಮ್ಮೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಲಾಗುವುದಿಲ್ಲ. ಹತ್ತು ನಿಮಿಷ ಸಾಕು, ಮುಂದಿನ ವಾರ ಮತ್ತೆ ಹತ್ತು.

ಗುಳೇದಗುಡ್ಡದ ಕಡೆಯ ಒಬ್ಬ ನೇಕಾರನ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ತೀರಿಹೋದ ಕಾಕಾನ ದನಿ ಅವನನ್ನು ಕಳ್ಳ ಅನ್ನುತ್ತಿತ್ತು. ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಅವನನ್ನು ಮಗ್ಗದಿಂದ ಎಬ್ಬಿಸಿ, ಹಿಂದಿನ ಕೋಣೆಯಲ್ಲಿ ಒಬ್ಬನೇ ಇರಲು ಬಿಟ್ಟಿದ್ದರು. ವಿಶ್ರಾಂತಿಯಂತೆ. ದನಿ ಯಾವಾಗ ಬರಲ್ಲ ಅಂತ ಕೇಳಿದೆ. "ಮಗ್ಗ ನಡದಾಗ ಅಂವಾ ಬರಂಗಿಲ್ರಿ" ಅಂದ. ಎಷ್ಟು ದಿನದಿಂದ ಗೊತ್ತು ಇದು? ಮೊದಲಿಂದಲೂ ಗೊತ್ತು. ಯಾರೂ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ವೈದ್ಯರ ಜೊತೆ ಮಾತಾಡಿ ಮಧ್ಯಾಹ್ನದ ತನಕ ಮಗ್ಗಕ್ಕೆ ಕೂರಿಸಿದೆವು. ಸಂಜೆ ದನಿ ಬಂದರೆ ಮೆಲ್ಲಗೆ ಭಜನೆ ಹಾಡು ಅಂದೆ. ಹಾಡುವಾಗ, ಮಾತಾಡುವಾಗ ಹಲವರಿಗೆ ದನಿ ಕಡಿಮೆಯಾಗುತ್ತದೆ.

ಆಮೇಲೆ ಮುಖ್ಯವಾದದ್ದು. ಕಾಕಾನಿಗೆ ಎಲ್ಲ ಗೊತ್ತಿರುತ್ತದೆ, ಅದಕ್ಕೇ ಹೆದರಿಕೆ ಅಂದಿದ್ದ. ಹಾಗಾದರೆ ನಾಳೆ ಸಾವುಕಾರ ಯಾವ ಬಣ್ಣದ ನೂಲು ಕಳಿಸುತ್ತಾನೆ, ಕಾಕಾನನ್ನು ಕೇಳಿ ನೋಡೋಣವಾ? ಅವನೇ ಒಪ್ಪಿ ಕೇಳಿದ. ಕಾಕಾ ಬರೀ ಬೈದನಂತೆ, ಬಣ್ಣ ಹೇಳಲಿಲ್ಲ. ಇದನ್ನು ಹೇಳುವಾಗ ಅವನಿಗೇ ನಗು ಬಂತು. ದನಿ ಇವತ್ತಿಗೂ ಹೋಗಿಲ್ಲ. ಆದರೆ ಅದು ಕರೆದಾಗಲೆಲ್ಲ ಎದ್ದು ಓಡುವುದು ನಿಂತಿದೆ. ಗುಳಿಗೆ ಈಗಲೂ ತೆಗೆದುಕೊಳ್ಳುತ್ತಾನೆ. ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಲು ಹೋಗಬೇಡಿ ಮತ್ತೆ. ಮಾತಾಡಿಸುವವರ ಮೇಲೆ ಭರವಸೆ ಬೆಳೆಯುವ ಮುಂಚೆ ಮಾಡಿದರೆ ಅದೂ ವಾದವೇ ಆಗುತ್ತದೆ.

ಇದನ್ನು ಓದಿ ಯಾರೂ ಗುಳಿಗೆ ಬಿಡಬಾರದು. ಮಾತಿನ ಚಿಕಿತ್ಸೆಯಿಂದ ಎಲ್ಲರಿಗೂ ಒಂದೇ ಥರ ಗುಣ ಕಾಣುವುದಿಲ್ಲ. ಅಧ್ಯಯನಗಳಲ್ಲೂ ಸರಾಸರಿ ಲಾಭ ಸಾಧಾರಣ ಮಟ್ಟದ್ದೇ. ಊಟ ನಿದ್ದೆ ಬಿಟ್ಟವರು, ಸಾಯುವ ಮಾತಾಡುವವರು, ಹೊಡೆಯಲು ಬರುವವರು ಮೊದಲು ಮನೋವೈದ್ಯರ ಹತ್ತಿರವೇ ಹೋಗಬೇಕು, ತಡ ಮಾಡದೆ.

ಮನೆಯವರ ಜೊತೆ ಯಾಕೆ ಕೂರಬೇಕು ಅನ್ನುವವರಿಗೆ ಒಂದು ವಿಷಯ. ಮನೆಯಲ್ಲಿ ಸಿಡುಕು, ಚುಚ್ಚುಮಾತು ಜಾಸ್ತಿ ಇದ್ದಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ ಎಂದು ಮೊದಲು ಲಂಡನ್ನಿನಲ್ಲಿ ಕಂಡುಬಂತು. ಆಮೇಲೆ ನಮ್ಮ ಚಂಡೀಗಢದಲ್ಲೂ ನೋಡಿದರು. ಅಲ್ಲಿಯ ಮನೆಗಳಲ್ಲಿ ಟೀಕೆ ಲಂಡನ್ನಿಗಿಂತ ಕಡಿಮೆಯೇ ಇತ್ತು, ಆದರೆ ಹಗೆತನದ ಮಾತು ಇದ್ದಲ್ಲಿ ತೊಂದರೆ ಕಂಡಿತು. "ದುಡೀಲಾರದ ಕೂಳಿಗೆ ದಂಡ" ಅಂತ ದಿನಾ ಅನ್ನಿಸಿಕೊಳ್ಳುವವನಿಗೆ ವಾರಕ್ಕೊಮ್ಮೆ ನಾನು ಮಾತಾಡಿಸಿ ಏನು ಪ್ರಯೋಜನ?

ಸಿಗುವುದೆಲ್ಲಿ ಅನ್ನುವುದೇ ದೊಡ್ಡ ಕಷ್ಟ, ಒಪ್ಪುತ್ತೇನೆ. ನಮ್ಮಂಥವರು ಈ ಭಾಗದಲ್ಲಿ ಕಡಿಮೆ. ಹುನಗುಂದದಿಂದಲೋ ಬೀಳಗಿಯಿಂದಲೋ ಇಬ್ಬರು ಬಂದು ಹೋದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಆದರೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗದಲ್ಲಿ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ಇರುತ್ತದೆ, ವಿಚಾರಿಸಿಕೊಂಡು ಹೋಗಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. 2022ರಲ್ಲಿ ಶುರುವಾದ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಅದಕ್ಕೇ ಸಂಕೋಚ ಬೇಡ, ವೈದ್ಯರನ್ನು ನೇರವಾಗಿ ಕೇಳಿ: "ಗುಳಿಗಿ ಜೋಡಿ ಇವನ್ನ ಮಾತಾಡ್ಸೋರು ಯಾರರ ಇದ್ದಾರೇನ್ರಿ?"

ಬರುವಾಗ ಹಳೆಯ ಚೀಟಿಗಳನ್ನು ತನ್ನಿ. ಜೊತೆಗೆ ಊರಲ್ಲಿ ಚೆನ್ನಾಗಿ ಮಾತಾಡುವ ಮಾವನನ್ನು ಕರೆತರಬೇಡಿ. ಹಗಲೆಲ್ಲ ಅವನ ಜೊತೆ ಮನೆಯಲ್ಲಿರುವವರು ಯಾರೋ, ಅವರು ಬರಲಿ.